ಗಡಿಯಾರದ ಮೇಲಿನ ಮೆಂತ್ಯ

ಮೊಳೆತ ಮೆಂತ್ಯದ ಹಸಿ ವಾಸನೆ ಬಂದರೆ ಸಾಕು, ಕೂತಲ್ಲಿ ಕೂರಲಾಗುವುದಿಲ್ಲ ನನಗೆ. ಮೊನ್ನೆ ಮೊಮ್ಮಗಳು ಬಟ್ಟಲಲ್ಲಿ ಮೆಂತ್ಯ ಮೊಳೆಸಿಟ್ಟಿದ್ದಳು. ಜೊತೆಗೆ, ಆಕಾಶದಾಚೆ ಹೋದವರು ಅಲ್ಲೇ ಬೆಳೆದ ಸೊಪ್ಪನ್ನು ತಿನ್ನುವ ಚಿತ್ರವನ್ನು ಫೋನಿನಲ್ಲಿ ತೋರಿಸಿದಳು. ಆ ಸಂತೋಷವನ್ನು ಎಲ್ಲಿಟ್ಟುಕೊಳ್ಳಲಿ? ಅವಳನ್ನು ತಬ್ಬಿಕೊಂಡು ನಕ್ಕೆ, ಅತ್ತೆ. ಅವಳಿಗೆ ಏನೂ ತಿಳಿಯಲಿಲ್ಲ. ನನಗೂ ಅಷ್ಟೇ ಅನ್ನಿ...

ಎಪ್ಪತ್ತರ ದಶಕ. ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಹೊಸತು. ಎಲ್ಲ ಬೀದಿಯೂ ಒಂದೇ ಥರ. ಹಾಲಿನ ಬೂತಿಗೆ ಹೋದವಳು ದಾರಿ ತಪ್ಪಿ ನಿಂತುಬಿಡುತ್ತಿದ್ದೆ. ಎಷ್ಟೋ ಸಲ ಮನೆಗೆ ಕರೆತಂದವರು ನಮ್ಮ ವಠಾರದ ಕೊನೆಮನೆಯ ಮೇಷ್ಟ್ರು.

ಅವರು ಟೈಂಪೀಸಿನ ಮುಳ್ಳು ಕಿತ್ತು, ಆ ಜಾಗಕ್ಕೆ ರಟ್ಟಿನ ಬಿಲ್ಲೆ ಸಿಕ್ಕಿಸಿ, ಒದ್ದೆ ಹತ್ತಿಯಲ್ಲಿ ಮೆಂತ್ಯ ಇಟ್ಟು ತೆಳುಬಟ್ಟೆ ಕಟ್ಟಿದ್ದರು. ತುಂಬಾ ಎತ್ತರಕ್ಕೆ ಹೋದರೆ ಮೇಲು ಕೆಳಗು ಅನ್ನುವುದೇ ಇಲ್ಲವಂತೆ. ಹೀಗೆ ತಿರುಗುತ್ತಲೇ ಇದ್ದರೆ ಬೇರಿಗೂ ನೆಲ ಯಾವ ಕಡೆ ಅಂತ ತಿಳಿಯುವುದಿಲ್ಲವಂತೆ. ಹಾಗಿದ್ದೂ ಗಿಡ ಬೆಳೆದರೆ ಮನುಷ್ಯ ಸೊಪ್ಪು ತಿನ್ನುತ್ತಾ ಎಷ್ಟು ದೂರವಾದರೂ ಹೋಗಬಹುದಂತೆ. ಶಾಲೆಯಲ್ಲಿ ಉಳಿದ ಮೇಷ್ಟ್ರುಗಳು ನಕ್ಕಿದ್ದರು. ಅವರಿಗೆ ತೋರಿಸಲೇಬೇಕು ಅನ್ನುವುದು ಇವರ ಹಟ. ನನಗೆ ತಲೆಬುಡ ತಿಳಿಯಲಿಲ್ಲ. ಮೇಲಕ್ಕೆ ಹೋದ ಮೇಲೆ ಮೇಲು ಇಲ್ಲದೆ ಹೇಗೆ?

ಒಂದು ಬೆಳಿಗ್ಗೆ ಮೇಷ್ಟ್ರ ತಾಯಿಗೆ ಹುಷಾರಿಲ್ಲವೆಂದು ಊರಿಂದ ಸುದ್ದಿ ಬಂತು. ಆಗಲೇ ಮೆಂತ್ಯ ಕಣ್ಣು ಬಿಟ್ಟಿತ್ತು. ಹೊರಟವರು ಟೈಂಪೀಸನ್ನು ನನ್ನ ಕೈಗಿಟ್ಟರು. "ನಾಳೆ ಸಂಜೆ ಬಂದ್ಬಿಡ್ತೀನಮ್ಮ. ಇದು ನಿಲ್ಲದ ಹಾಗೆ ನೋಡ್ಕೊ."

ಮರುದಿನ ಮಧ್ಯಾಹ್ನ ಹತ್ತಿಯ ನೀರು ಒಳಗಿಳಿದು ಟೈಂಪೀಸು ನಿಂತೇಹೋಯಿತು. ಬೆರಳಿನಿಂದಲೇ ಬಿಲ್ಲೆಯನ್ನು ಮೆಲ್ಲಗೆ ತಿರುಗಿಸುತ್ತಾ ಕೂತೆ.

"ಏನೇ, ಗಡಿಯಾರಕ್ಕೆ ತಲೆ ಬಾಚ್ತಾ ಇದೀಯಾ?" ಅಂದರು ನಮ್ಮತ್ತೆ. ಅಷ್ಟರಲ್ಲಿ ಸಾರು ಸೀದಿತು. ಬೈಯುತ್ತಲೇ ಬಂದು ಪಕ್ಕದಲ್ಲಿ ಕೂತರು. "ಏಳು, ಒಲೆ ನೋಡು ಹೋಗು. ನಾನ್ ತಿರುಗಿಸ್ತೀನಿ. ಯಾವ ಕಡೆಗೆ?"

ಯಾವ ಕಡೆಗೆ ಅಂತ ನನಗೆಲ್ಲಿ ಗೊತ್ತಿತ್ತು...

ಸಂಜೆ ಮೇಷ್ಟ್ರು ಬಂದು ಬಟ್ಟೆ ಬಿಚ್ಚಿದರು. ಒಂದು ಮೊಳಕೆ ಆ ಕಡೆ, ಒಂದು ಈ ಕಡೆ, ಒಂದರ ಬೇರು ಸೂರು ನೋಡುತ್ತಿತ್ತು. ಎಲ್ಲ ನನ್ನಿಂದಲೇ ಕೆಟ್ಟಿತೆಂದು, ಗಡಿಯಾರ ನಿಂತದ್ದನ್ನು ಹೇಳಿ ಅತ್ತುಬಿಟ್ಟೆ. ಅವರು ಕಣ್ಣು ತುಂಬಿಕೊಂಡು ನಗುತ್ತಿದ್ದರು.

"ಅಳ್ಬೇಡಮ್ಮ. ದಿಕ್ಕು ತೋಚ್ದೇ ಇದ್ರೂ ಬೆಳೆದಿವೆ ನೋಡು."

ಶಾಲೆಗೂ ಒಯ್ದರು. ಅಲ್ಲಿ ಮತ್ತೆ ನಕ್ಕರಂತೆ. ಆದರೆ ಈ ಸಲ ಒಬ್ಬೊಬ್ಬರೂ ಬಗ್ಗಿ ನೋಡಿ ನಕ್ಕರಂತೆ. ಹಾಗೆಂದು ಹೇಳುವಾಗ ಮೇಷ್ಟ್ರ ಮುಖ ನೋಡಬೇಕಿತ್ತು. ಮರುದಿನ ನಾನು ಒಬ್ಬಳೇ ಹಾಲು ತಂದೆ.

ಆಮೇಲೆ ಅವರಿಗೆ ವರ್ಗವಾಯಿತು. ವಠಾರವೂ ಹೋಯಿತು. ಈಗ ಇರಲಾರರು... ಫೋನಿನ ಆ ಚಿತ್ರವನ್ನು ಮೊದಲು ಅವರಿಗೆ ತೋರಿಸಬೇಕಿತ್ತು. ಯಾವ ಊರಿಗೆ ಹೋದರೆಂದೂ ನಾನು ಕೇಳಿರಲಿಲ್ಲ.

ಮೊಮ್ಮಗಳ ಬಟ್ಟಲನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದೆ.

"ಯಾಕಜ್ಜಿ?" ಅಂದಳು.

"ಗೊತ್ತಿಲ್ಲ ಕಣೇ," ಅಂದೆ. ಮತ್ತೊಂದು ಸುತ್ತು ತಿರುಗಿಸಿದೆ.