ಅಲೆಯಿಲ್ಲದ ನೀರಿಗೆ ಭಾವನ ಜೊತೆ

ಅಂಕೋಲಾದಿಂದ ಬೆಳಗಿನ ಕಾರವಾರ ಬಸ್ಸಿನಲ್ಲಿ ಹೊರಟೆ. ಹಾರವಾಡ ಕ್ರಾಸಿನಲ್ಲಿ ನಾರಾಯಣ ಭಾವ ಹತ್ತಿದರು. ನನ್ನ ಹೆಂಡತಿಯ ಅಣ್ಣ, ಹುಟ್ಟಿನಿಂದ ಮೀನುಗಾರರು. ಕಳೆದ ಬೇಸಿಗೆಯ ಕೊನೆಯಲ್ಲಿ ದಡದ ಅಲೆಗೆ ಸಿಕ್ಕಿ ಅವರ ದೋಣಿ ಮಗುಚಿತ್ತು. ಎಲ್ಲರೂ ಈಜಿ ಬಂದರು. ಆದರೆ ಭಾವ ಮತ್ತೆ ದೋಣಿ ಹತ್ತಲಿಲ್ಲ. ಮಳೆಗಾಲ ಮುಗಿದರೂ ಅದು ತೆಂಗಿನ ಗರಿಯ ಕೆಳಗೆ ಬೋರಲು ಬಿದ್ದಿತ್ತು. ಭಾನುವಾರ ಕೊಳ್ಳುವವರು ಬರಲಿದ್ದರು.

"ಮಾರೂಕೆ ಮೊದ್ಲು ಒಂದ್ ಸಲ ಅಣ್ಣನ್ನ ನೀರಿನ ಮೇಲೆ ಕೂರ್ಸಿ. ಆಮೇಲೆ ಬೇಕಾರೆ ಮಾರ್ಲಿ" ಎಂದು ಹೆಂಡತಿ ಹಟ ಹಿಡಿದಿದ್ದಳು. ಅದಕ್ಕೇ ಈ ಪ್ರವಾಸ.

ಕಾರವಾರಕ್ಕೆ ಹೋಗುವಾಗ ಕಡಲು ಎಡಕ್ಕೆ ಕಾಣುತ್ತದೆ. ಭಾವ ಬಲಗಡೆ ಕುಳಿತು ಗುಡ್ಡ ನೋಡುತ್ತಿದ್ದರು. ಕಾರವಾರದಲ್ಲಿ ಇಡ್ಲಿ ತಿಂದು ಕದ್ರಾ ಬಸ್ಸು ಹಿಡಿದೆವು. ಕಾಳಿ ನದಿಯ ಪಕ್ಕದಲ್ಲೇ ಒಂದು ತಾಸಿನ ದಾರಿ.

ಕದ್ರಾ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ, ಕಾಡಿನ ಅಂಚಿಗೆ ಪ್ರವಾಸಿ ಶಿಬಿರದ ನಾಲ್ಕು ಡೇರೆಗಳಿದ್ದವು. ಬಿಸಿಲು ಹದವಾಗಿತ್ತು. ನಾನು ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದವನು. ಹೋದ ಕೂಡಲೇ ಹಾಸಿಗೆ ಬಿಡಿಸಿ, ಚಪ್ಪಲಿಗಳನ್ನು ಸಾಲಾಗಿಟ್ಟು, ದಿನಚರಿ ಹೇಳಿದೆ: ಸಂಜೆ ಕಾಡಿನಲ್ಲಿ ನಡಿಗೆ, ಬೆಳಿಗ್ಗೆ ಚಹಾಕ್ಕೆ ಮೊದಲು ದೋಣಿ ವಿಹಾರ.

"ನೀವು ಹೋಗಿ ಬನ್ನಿ ಮಾಸ್ತರೆ. ನಾ ಚಪ್ಪಲಿ ಕಾಯ್ತೆ" ಎಂದರು ಭಾವ.

ನಡಿಗೆಗೆ ಮಾತ್ರ ಬಂದರು. ತೇಗದ ಮರಗಳ ಮೇಲೆ ಮಂಗಟ್ಟೆ ಹಕ್ಕಿಗಳು ರೆಕ್ಕೆ ಬಡಿದು ಹಾರಿದವು. ಮರಳಿ ಬಂದಾಗ ಚಂದ್ರ ಮೂಡಿದ್ದ. ದಂಡೆಯಲ್ಲಿದ್ದ ಶಿಬಿರದ ದೋಣಿಯನ್ನು ಭಾವ ದೂರದಿಂದಲೇ ನೋಡಿದರು.

"ಇವತ್ತು ಹುಣ್ಮೆ. ರಾತ್ರಿ ಭರತ ಬಂದು ನೀರೇರಿದ್ರೆ ದೋಣಿ ತೇಲ್ಕಂಡು ಹೋತದೆ. ಮೇಲೆ ಎಳೀರಿ. ಇನ್ನೂ ಮೇಲೆ!"

ನಾನು ಎಳೆದು ಒಂದು ಬೊಡ್ಡೆಗೆ ಬಿಗಿದೆ. ರಾತ್ರಿ ಊಟಕ್ಕೆ ಹಿನ್ನೀರಿನ ಮೀನಿನ ಸಾರು. "ಇದಕ್ಕೆ ಮೀನು ಅನ್ನೂದು ಮರ್ಯಾದೆಗೆ" ಎಂದರು ಭಾವ. ಆದರೂ ಎರಡು ಸಲ ಬಡಿಸಿಕೊಂಡರು.

ಬೆಳಿಗ್ಗೆ ನೋಡಿದರೆ ನೀರು ಏರುವ ಬದಲು ಇಳಿದಿತ್ತು. ದೋಣಿ ಮೇಲೆ, ನೀರು ಕೆಳಗೆ, ನಡುವೆ ಬರೀ ಕೆಸರು. ಶಿಬಿರ ನೋಡಿಕೊಳ್ಳುವ ಗಣಪತಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತ.

"ಇದನ್ನ ಗುಡ್ಡ ಹತ್ತಿಸಿದ್ದು ಯಾರು?"

"ಹುಣ್ಮೆ ಅಂತ..." ಎಂದೆ.

ಅವನಿಗೆ ನಗು ತಡೆಯಲಾಗಲಿಲ್ಲ. "ಇಲ್ಲಿ ನೀರು ಚಂದ್ರನ ಮಾತು ಕೇಳೂದಿಲ್ಲ ಮಾರಾಯ್ರೇ! ಕರೆಂಟು ತೆಗೆಯೂಕೆ ಡ್ಯಾಮಿಂದ ನೀರು ಬಿಟ್ರೆ ಇಳೀತದೆ, ಅಷ್ಟೇ."

ಭಾವನ ಮುಖ ಕೆಂಪಾಯಿತು. ಪಂಚೆ ಎತ್ತಿ ಕಟ್ಟಿ ಕೆಳಗಿಳಿದು ಬಂದರು. ಉರುಟು ಕಟ್ಟಿಗೆ ತರಿಸಿ ಕೆಸರಿನ ಮೇಲೆ ಅಡ್ಡಡ್ಡ ಹಾಕಿಸಿದರು. ಗಣಪತಿ ಮುಂದೆ ಹಗ್ಗ ಹಿಡಿದ, ಭಾವ ಹಿಂದೆ ನಿಂತರು, ನಾನು ಪಕ್ಕಕ್ಕೆ.

"ಹೈಸಾ! ಮಾಸ್ತರೆ, ಬರೀ ಕೈಯಲ್ಲ, ಹೆಗಲು ಕೊಡ್ರಿ! ಹೈಸಾ!"

ದೋಣಿ ಜಾರುತ್ತ ನೀರು ಮುಟ್ಟಿತು. ಗಣಪತಿ ಹತ್ತಿಕೊಂಡ. ಕಡಲಿಗೆ ದೋಣಿ ಇಳಿಸುವಾಗ ಹಿಂದಿನಿಂದ ನೂಕುವವನು ಕಡೆಗೆ ಹಾರಿ ಹತ್ತಬೇಕು. ತಡಮಾಡಿದರೆ ಮುಂದಿನ ಅಲೆ ಬಿಡುವುದಿಲ್ಲ. ಇಲ್ಲಿ ಅಲೆಯೇ ಇರಲಿಲ್ಲ. ಆದರೂ ಭಾವ ಕೊನೆಯ ನೂಕು ನೂಕಿ, ಹಾರಿ, ಒಳಗೆ ಕುಳಿತೇಬಿಟ್ಟರು.

ತಾವು ದೋಣಿಯಲ್ಲಿದ್ದೇವೆಂಬುದು ಆಮೇಲೆ ಅವರಿಗೆ ಗೊತ್ತಾದಂತೆ ಕಂಡಿತು. ಎರಡೂ ಕೈಯಿಂದ ಅಂಚು ಹಿಡಿದು ಅಲುಗಾಡದೆ ಕುಳಿತರು. ಸ್ವಲ್ಪ ಹೊತ್ತಿಗೆ ಒಂದು ಕೈ ಬಿಟ್ಟು, ನೀರು ಮುಟ್ಟಿ, ಹಣೆಗೆ ಒತ್ತಿಕೊಂಡರು. ನಂತರ ಗಣಪತಿಯಿಂದ ಹುಟ್ಟು ಕಿತ್ತುಕೊಂಡರು. "ತಮಾ, ಇದು ದೋಣಿ, ಪಾಯಸ ಅಲ್ಲ. ಹಾಂಗೆ ಕಲಕೂದಲ್ಲ!"

ನಾನು ಮೊಣಕಾಲವರೆಗಿನ ಕೆಸರಿನಲ್ಲಿ ದಂಡೆಯಲ್ಲೇ ಉಳಿದೆ. ನಡುನೀರಿನಿಂದ ಭಾವ ಕೂಗಿದರು: "ಮಾಸ್ತರೆ, ಚಹಾದ ಹೊತ್ತಾಯ್ತು, ಸೀಟಿ ಊದೂದಿಲ್ವೇ?"

ಊದಲಿಲ್ಲ. ಬಿಸಿಲು ಏರಿದ ಮೇಲೆ ಅವರಾಗಿಯೇ ಬಂದರು. ಚಹಾ ತಣ್ಣಗಾಗಿತ್ತು, ಕುಡಿದೆವು.

ಮಧ್ಯಾಹ್ನ ಕಾರವಾರದಿಂದ ಅಂಕೋಲಾ ಬಸ್ಸು ಹತ್ತಿದಾಗ, ಈಗ ಬಲಕ್ಕೆ ಬರುವ ಕಡಲು ಭಾವನಿಗೆ ಕಾಣಬಾರದೆಂದು ಎಡಗಡೆ ಕಿಟಕಿಯ ಸೀಟಿಗೆ ಟವೆಲು ಹಾಕಿಟ್ಟೆ. ಭಾವ ಅದನ್ನೆತ್ತಿ ನನ್ನ ಹೆಗಲಿಗೆ ಹಾಕಿದರು.

"ಈಚೆಗೆ ಕೂರ್ವ. ಗಾಳಿ ಎತ್ಲಾಗಿಂದ ಅಂತ ನೋಡ್ಬೇಕು" ಎಂದು ಬಲಗಡೆ ಕಿಟಕಿಗೆ ಕುಳಿತು, ಮಗನಿಗೆ ಫೋನು ಹಚ್ಚಿದರು. "ಭಾನುವಾರ ಬರೂದು ಬ್ಯಾಡ ಅನ್ನು ಅವ್ರಿಗೆ. ಮತ್ತೆ ದೋಣಿ ಮೇಲಿನ ಆ ಗರಿ ತೆಗ್ದಿಡು, ಬಿಸಿಲು ತಾಗ್ಲಿ."