ಒಲಿಂಡಾ ಈಜು ಕಲಿತದ್ದು

ನಮ್ಮ ಚರ್ಚಿನ ಹುಡುಗರು ಹನ್ನೊಂದು ವರ್ಷಗಳಿಂದ ಪ್ರತಿ ಏಪ್ರಿಲ್‌ನಲ್ಲಿ ಕ್ಯಾಂಪಿಗೆ ಹೋಗುತ್ತಿದ್ದರು. ಹುಡುಗಿಯರು ಗೇಟಿನ ಬಳಿ ನಿಂತು ಟಾಟಾ ಮಾಡುತ್ತಿದ್ದರು. ಊರು ಶಿರ್ವಕ್ಕೂ ಕಾಪುವಿಗೂ ನಡುವೆ ಇದೆ ಎಂದಷ್ಟೇ ಹೇಳುತ್ತೇನೆ. ಹೆಸರು ಹೇಳಿದರೆ ಕ್ಯಾಂಪಿನ ಲೀಡರ್ ಕ್ಲಾಯ್ಡ್ ಅವರಿಗೆ ಸಿಟ್ಟು ಬರುತ್ತದೆ, ಆ ಸಿಟ್ಟಿಗೆ ಮೂರು ಹೊತ್ತು ಬಡಿಸಬೇಕಾದವಳು ನಾನು. ಅವರು ನನ್ನ ಗಂಡ, ನಾನು ಬರ್ತಾ.

ನಮ್ಮನ್ನೂ ಕಳಿಸಿ ಎಂದು ಕೇಳಿದವಳು ನನ್ನ ಮಗಳು ಸಿಂಥಿಯಾ. ಪಿಯುಸಿ ಮುಗಿದ ಕೂಡಲೇ ಅವಳು ನರ್ಸಿಂಗ್ ಓದಲು ಹೊರಡುವವಳು. ಬರುವ ಏಪ್ರಿಲ್ ತಪ್ಪಿದರೆ ಅವಳಿಗೆ ಮತ್ತೆ ಕ್ಯಾಂಪಿಲ್ಲ. ಚರ್ಚಿನ ಪಾಲನಾ ಮಂಡಳಿ ಇಲ್ಲ ಎನ್ನಲಿಲ್ಲ. ನಮ್ಮ ಮಂಡಳಿ ಯಾವತ್ತೂ ಇಲ್ಲ ಎನ್ನುವುದಿಲ್ಲ, ನಿಯಮ ಮಾಡುತ್ತದೆ. ಹುಡುಗಿಯರ ಜೊತೆ ಒಬ್ಬ ಹೆಂಗಸು ಲೀಡರಾಗಿ ಹೋಗಬೇಕು, ಆಕೆಯ ಬಳಿ ಮಣಿಪಾಲದ ಶಿಬಿರ ತರಬೇತಿಯ ಸರ್ಟಿಫಿಕೇಟ್ ಇರಬೇಕು. ಟೆಂಟು, ಹಗ್ಗದ ಗಂಟು, ಬೆಂಕಿ, ಪ್ರಥಮ ಚಿಕಿತ್ಸೆ, ಕೊನೆಗೆ ಇಪ್ಪತ್ತೈದು ಮೀಟರ್ ಈಜು. ಇಂಥ ಹೆಂಗಸು ನಮ್ಮಲ್ಲಿ ಹುಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡೇ ನಿಯಮ ಬರೆದಿದ್ದರು. ಆಗ ಹಿಂದಿನ ಬೆಂಚಿನಲ್ಲಿ ಒಲಿಂಡಾ ಕೈ ಎತ್ತಿದಳು.

ಒಲಿಂಡಾಳಿಗೆ ಐವತ್ತೊಂದು. ಮದುವೆಯಾಗಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು, ಇಪ್ಪತ್ತು ವರ್ಷ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡಳು. ಊರಿನ ಎಲ್ಲ ಹುಡುಗಿಯರ ಮೊದಲ ಪರಮಪ್ರಸಾದದ ಬಿಳಿ ಫ್ರಾಕು ಹೊಲಿದದ್ದು ಅವಳೇ. ತಾಯಿ ತೀರಿಕೊಂಡ ಮೇಲೆ ಜನ ಅವಳಿಗೆ, "ಇನ್ನು ನೀನು ಫ್ರೀ ಅಲ್ವಾ?" ಎನ್ನುತ್ತಿದ್ದರು. ಅದರ ಅರ್ಥ, ನಮ್ಮ ಮನೆಯ ರೋಗಿಗಳನ್ನು ನೋಡಿಕೊಳ್ಳಲು ಬಾ ಎಂದು. ಅವಳು ಟೆಂಟ್ ಹಾಕಲು ಹೊರಟಾಗ ಅರ್ಧ ಊರಿಗೆ ನಿರಾಸೆಯಾಯಿತು.

ಮಣಿಪಾಲದಲ್ಲಿ ಕಲಿಸುವವನು ಧನರಾಜ್ ಎಂಬ ಇಪ್ಪತ್ತಾರರ ಹುಡುಗ. ಒಂದೇ ಕಡ್ಡಿಯಲ್ಲಿ ಬೆಂಕಿ ಹೊತ್ತಿಸುವುದನ್ನು ಅವನು ಎರಡು ಗಂಟೆ ವಿವರಿಸಿದ. ಹತ್ತನೆಯ ವಯಸ್ಸಿನಿಂದ ಮಳೆಗಾಲದಲ್ಲೂ ಬಚ್ಚಲೊಲೆಗೆ ಬೆಂಕಿ ಹಾಕುತ್ತ ಬಂದ ಒಲಿಂಡಾ ಎರಡು ಗಂಟೆಯೂ ನೋಟ್ಸ್ ಬರೆದುಕೊಂಡಳು. ಟೆಂಟನ್ನು ಒಮ್ಮೆ ಹಾಕಿ ತೆಗೆದವಳು, ಹೊಲಿಗೆ ಸರಿ ಇಲ್ಲ ಎಂದು ಮನೆಗೆ ತಂದು ಡಬಲ್ ಹೊಲಿಗೆ ಹಾಕಿ ಹಿಂದಿರುಗಿಸಿದಳು. ಅಲ್ಲಿಯವರೆಗೆ ಎಲ್ಲ ಸುಸೂತ್ರ.

ಉಳಿದದ್ದು ನೀರು. ಸಮುದ್ರದ ಸದ್ದು ಕೇಳುವಷ್ಟು ಹತ್ತಿರ ಇದ್ದೂ ನಮಗೆ ಸಮುದ್ರವೆಂದರೆ ಕಾಪುವಿನ ಲೈಟ್‌ಹೌಸ್ ಎದುರು ಫೋಟೋ ತೆಗೆಸಿಕೊಂಡು, ಪಾದ ಒದ್ದೆ ಮಾಡಿ, ಐಸ್‌ಕ್ರೀಮ್ ತಿಂದು ಬರುವ ಜಾಗ. ಒಲಿಂಡಾ ಮೀನು ಮಾರುವ ರತ್ನಾವತಿಯನ್ನು ಹಿಡಿದಳು. ಕಾಪುವಿನ ಕಡಲ ಬದಿಯವಳು, ಈಜು ಗೊತ್ತಿಲ್ಲದೆ ಇರುತ್ತದೆಯೇ?

"ಎಂತ ಬಾಯಮ್ಮ, ನಾನು ಮೀನು ಮಾರುವವಳು, ಮೀನಲ್ಲ," ಎಂದಳು ರತ್ನಾವತಿ. "ನಮ್ಮಲ್ಲಿ ಹೆಂಗಸರು ನೀರಿಗೆ ಇಳಿಯುವುದು ಎಲ್ಲಿ ಉಂಟು? ನಮ್ಮಣ್ಣನನ್ನು ಕಳಿಸುತ್ತೇನೆ."

ಅಣ್ಣ ಕಿಟ್ಟ ನಲವತ್ತು ವರ್ಷ ದೋಣಿಯಲ್ಲಿ ದುಡಿದವನು. ಅಕ್ಟೋಬರ್‌ನಲ್ಲಿ ನಮ್ಮ ತೆಂಗಿನ ತೋಟದ ಕೆರೆಯಲ್ಲಿ ಪಾಠ ಶುರುವಾಯಿತು. ಸಿಪ್ಪೆ ಸುಲಿಯದ ಎರಡು ಒಣಗಿದ ಕಾಯಿಗಳನ್ನು ಹಗ್ಗದಲ್ಲಿ ಜೋಡಿಸಿ, ಅದರ ಮೇಲೆ ಎದೆ ಊರಿ ತೇಲು ಎಂದ. ನಮ್ಮ ಕಡೆ ಆರು ವರ್ಷದ ಮಕ್ಕಳಿಗೆ ಹೀಗೆ ಕಲಿಸುತ್ತಾರೆ. ಐವತ್ತೊಂದರ ಒಲಿಂಡಾ ಹಳೆಯ ಚೂಡಿದಾರದಲ್ಲಿ ಕಾಯಿಗಳನ್ನು ಅಪ್ಪಿಕೊಂಡು, ಕಣ್ಣು ಮುಚ್ಚಿ, ಜಪಮಾಲೆ ಹೇಳುತ್ತ ತೇಲಿದಳು. ಮೊದಲ ವಾರ ಪ್ರತಿದಿನ ಅತ್ತಳು. ಅತ್ತು ಮುಖ ಒರೆಸಿಕೊಂಡು ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಬಂದಳು. ನಾನು ಟವೆಲ್ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ.

ಕ್ಲಾಯ್ಡ್ ಕೂಡ ಬರುತ್ತಿದ್ದರು. ಚಹಾದ ಕಪ್ ಹಿಡಿದು ದಡದಿಂದ ನಾಲ್ಕು ಹೆಜ್ಜೆ ದೂರ ನಿಂತು, "ಕೈ ಉದ್ದ ಚಾಚಿ! ಮಂಡಿ ಮಡಿಸಬೇಡಿ!" ಎಂದು ಕೂಗುತ್ತಿದ್ದರು.

"ಪೊರ್ಬುಗಳು ಕೂಡ ಇಳಿಯಬಹುದಲ್ಲ," ಎಂದ ಕಿಟ್ಟ ಒಂದು ದಿನ. ನಮ್ಮ ಕ್ರಿಶ್ಚಿಯನ್ ಗಂಡಸರನ್ನು ಅವರ ಕಡೆ ಮರ್ಯಾದೆಯಿಂದ ಕರೆಯುವುದು ಹಾಗೆ.

"ನನಗೆ ನೆಗಡಿ ಮಾರಾಯ," ಎಂದರು ಕ್ಲಾಯ್ಡ್. ಆ ನೆಗಡಿ ಜನವರಿವರೆಗೆ ಇತ್ತು.

ನನ್ನ ಗಂಡನಿಗೆ ಈಜು ಬರುವುದಿಲ್ಲ. ಮದುವೆಯಾದ ಮೊದಲ ವಾರವೇ ನನಗೆ ಗೊತ್ತಾಗಿತ್ತು. ಬಚ್ಚಲಿನ ನೀರು ಬಿಟ್ಟರೆ ಬೇರೆ ನೀರು ಅವರ ಮೊಣಕಾಲು ದಾಟಿಲ್ಲ. ಹನ್ನೊಂದು ವರ್ಷ ಅವರು ಕಾರ್ಕಳದ ಕಡೆ ಹೊಳೆಬದಿಯಲ್ಲಿ ಹುಡುಗರ ಕ್ಯಾಂಪ್ ಹಾಕಿದರು, ಸೀಟಿ ಕೊರಳಿಗೆ ಹಾಕಿಕೊಂಡು ಬಂಡೆಯ ಮೇಲೆ ಕೂತರು, ಹುಡುಗರು ನೀರಿನಲ್ಲಿ ಆಡಿದರು. ಏನೂ ಆಗಲಿಲ್ಲ. ಏನೂ ಆಗದ್ದನ್ನೇ ನಮ್ಮಲ್ಲಿ ಅನುಭವ ಎನ್ನುತ್ತಾರೆ. ನಾನು ಅವರ ಬ್ಯಾಗಿಗೆ ಚಕ್ಕುಲಿ ತುಂಬಿಸಿ ಬಾಯಿ ಮುಚ್ಚಿಕೊಂಡಿದ್ದೆ.

ಜನವರಿ ಕೊನೆಗೆ ಒಲಿಂಡಾ ಮಣಿಪಾಲದ ಈಜುಕೊಳದಲ್ಲಿ ಇಪ್ಪತ್ತೈದು ಮೀಟರ್ ಈಜಿದಳು. ತುಂಬಾ ಹೊತ್ತು ಹಿಡಿಯಿತು. ನಡುವೆ ಎರಡು ಸಲ ಮುಳುಗಿದಳೆಂದು ನಾನು ಎದ್ದು ನಿಂತೆ, ಎರಡು ಸಲವೂ ಅವಳ ತಲೆ ಮೇಲೆ ಬಂತು. ಸಮಯದ ಮಿತಿ ಇಲ್ಲ ಎಂದ ಧನರಾಜ್. ಮೇಲೆ ಹತ್ತಿದ ಒಲಿಂಡಾ ನಡುಗುತ್ತ, "ಬರ್ತಾ, ಅಮ್ಮ ನೋಡಿದ್ದರೆ ಹೊಡೆಯುತ್ತಿದ್ದಳು," ಎಂದು ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಹಾಲ್‌ನಲ್ಲಿ ಸಭೆ. ಮಂಡಳಿಯ ಉಪಾಧ್ಯಕ್ಷ ಲಿಯೋನೆಲ್ ಸರ್ಟಿಫಿಕೇಟನ್ನು ಎತ್ತಿ ತೋರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವರು ಕನ್ನಡಕ ಸರಿಮಾಡಿಕೊಂಡರು. ನಮ್ಮ ಮಂಡಳಿಯಲ್ಲಿ ಕನ್ನಡಕ ಸರಿಮಾಡಿಕೊಂಡರೆ ಹೊಸ ನಿಯಮ ಬಂತು ಎಂದೇ ಲೆಕ್ಕ.

"ಒಲಿಂಡಾಬಾಯಿಯವರ ಶ್ರಮ ದೊಡ್ಡದು. ಆದರೆ ಜಾಗ ಹೊಳೆಬದಿ ನೋಡಿ. ನೀರಿನ ವಿಷಯದಲ್ಲಿ ಹೆಂಗಸರನ್ನು ಮಾತ್ರ ನಂಬಿ ಕೂರಲು ಆಗುವುದಿಲ್ಲ. ಅನುಭವ ಇರುವ ಕ್ಲಾಯ್ಡ್ ಮುಖ್ಯ ಲೀಡರ್ ಆಗಲಿ, ಇವರು ಸಹಾಯಕಿ. ಈ ಏಪ್ರಿಲ್ ಕ್ಲಾಯ್ಡ್‌ಗೆ ಪುರುಸೊತ್ತು ಇಲ್ಲದಿದ್ದರೆ ಮುಂದಿನ ವರ್ಷ ನೋಡುವ."

"ಈ ವರ್ಷ ನನಗೆ ಸ್ವಲ್ಪ ಕಷ್ಟ," ಎಂದರು ನನ್ನ ಗಂಡ. ಪಕ್ಕದಲ್ಲಿ ಸಿಂಥಿಯಾ ತಲೆ ತಗ್ಗಿಸಿದಳು.

ಒಲಿಂಡಾ ಎದ್ದು ನಿಂತಳು. "ಹುಡುಗಿಯರ ಲೀಡರ್‌ಗೆ ಈಜು ಬರಬೇಕು ಎಂದು ನೀವೇ ಬರೆದದ್ದು. ಕ್ಲಾಯ್ಡ್ ಸರ್, ನಿಮಗೆ ಈಜು ಬರುತ್ತದಲ್ಲ?"

"ಹನ್ನೊಂದು ವರ್ಷ ಮಕ್ಕಳನ್ನು ಹೊಳೆಗೆ ಕರೆದುಕೊಂಡು ಹೋದವನಿಗೆ ಎಂತ ಪ್ರಶ್ನೆ ಇದು?" ಎಂದರು ಕ್ಲಾಯ್ಡ್. ಗಂಡಸರೆಲ್ಲ ನಕ್ಕರು. ಒಲಿಂಡಾ ಕೂತಳು. ಉತ್ತರ ಸಿಕ್ಕಿತು ಎಂದೇ ಸಭೆ ತಿಳಿದುಕೊಂಡಿತು, ಲಿಯೋನೆಲ್ ಫೈಲು ಮುಚ್ಚಿದರು.

ಸಿಂಥಿಯಾಳ ತಲೆ ಇನ್ನೂ ತಗ್ಗಿಯೇ ಇತ್ತು. ನಾನು ಎದ್ದೆ.

"ಬರುವುದಿಲ್ಲ," ಎಂದೆ. "ಅವರಿಗೆ ಈಜು ಬರುವುದಿಲ್ಲ."

ಲಿಯೋನೆಲ್ ಮುಚ್ಚಿದ ಫೈಲನ್ನು ಮತ್ತೆ ತೆರೆದರು. ಕ್ಲಾಯ್ಡ್ ನನ್ನ ಕಡೆ ನೋಡಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಆಮೇಲೆ ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಏಪ್ರಿಲ್‌ನಲ್ಲಿ ಹುಡುಗಿಯರ ಕ್ಯಾಂಪ್, ಲೀಡರ್ ಒಲಿಂಡಾ ಎಂದು ಬರೆದುಕೊಂಡರು. ಸಿಂಥಿಯಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಇಡೀ ಊರಿನಲ್ಲಿ ಧೈರ್ಯ ಇರುವವಳು ನಾನೊಬ್ಬಳೇ ಎಂಬ ಹೆಮ್ಮೆ ನನಗೆ, ಸುಳ್ಳು ಯಾಕೆ ಹೇಳಲಿ, ಹಾಲ್‌ನ ಬಾಗಿಲಿನವರೆಗೂ ಇತ್ತು.

ಬಾಗಿಲಿನಲ್ಲಿ ಗ್ಲೋರಿಯಾ ನಿಂತಿದ್ದಳು. ಅವಳ ಇಬ್ಬರು ಗಂಡುಮಕ್ಕಳು ಪ್ರತಿ ವರ್ಷ ಕ್ಲಾಯ್ಡ್ ಜೊತೆ ಕ್ಯಾಂಪಿಗೆ ಹೋದವರು. ಅವಳು ನನ್ನ ಗಂಡನನ್ನು ಏನೂ ಕೇಳಲಿಲ್ಲ, ನನ್ನನ್ನು ಕೇಳಿದಳು.

"ನಿನಗೆ ಮೊದಲೇ ಗೊತ್ತಿತ್ತಾ ಬರ್ತಾ?"

"ಗೊತ್ತಿತ್ತು," ಎಂದೆ.

ಅವಳು ಬೈದಿದ್ದರೆ ಒಳ್ಳೆಯದಿತ್ತು. ಇಬ್ಬರು ಮಕ್ಕಳ ಕೈ ಹಿಡಿದು ಮೆಟ್ಟಿಲು ಇಳಿದು ಹೋದಳು. ದೊಡ್ಡವನಿಗೆ ಹತ್ತೊಂಬತ್ತು, ಗಡ್ಡ ಬಂದಿದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ.