ಆರು ತಿಂಗಳ ಕಪ್

ಪಕ್ಕದ ಮನೆಯವರು ಟೀವಿಯಲ್ಲಿ ಯಾವುದಾದರೂ ಆಟ ಹಾಕಿದಾಗ ಗೋಡೆಯಾಚೆಯಿಂದ ಸಾವಿರಾರು ಜನರ ಕೂಗು ಒಂದೇ ಸಮನೆ ಸುರಿಯುತ್ತದಲ್ಲ, ಆ ಸದ್ದು ಕಿವಿಗೆ ಬಿದ್ದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತೇನೆ. ಯಾರು ಆಡುತ್ತಿದ್ದಾರೆ, ಯಾರು ಗೆದ್ದರು ಎಂಬುದು ನನಗೆ ಬೇಡ. ಆ ಸದ್ದು ನನ್ನ ಪಾಲಿಗೆ ಎರಡು ಮನೆಗಳ ಸದ್ದು. ಒಂದು ಮನೆ ಆಂಧ್ರದ ರಾಯದುರ್ಗದ್ದು. ಅಲ್ಲಿ ದೊಡ್ಡಪ್ಪನ ಟೈಲರ್ ಅಂಗಡಿಯ ಮೂಲೆಯಲ್ಲಿ ಮಿಷಿನ್ ಎಣ್ಣೆಯ ವಾಸನೆ ಹಿಡಿದ ರೇಡಿಯೊ ಒಂದಿತ್ತು. ಕಲ್ಕತ್ತದಲ್ಲೋ ದಿಲ್ಲಿಯಲ್ಲೋ ಸೇರಿದ ಜನ ಅದರೊಳಗಿಂದ ಹೀಗೇ ಕೂಗುತ್ತಿದ್ದರು. ಇನ್ನೊಂದು ಮನೆ ಮಡಕಶಿರಾ ಕಡೆಯ ಹಳ್ಳಿಯದು. ಅಲ್ಲಿ ನನ್ನ ಸೋದರಮಾವ ರೇಷ್ಮೆಹುಳು ಸಾಕುತ್ತಿದ್ದ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ಬಾಗಿಲು ಮುಂದೆ ಮಾಡಿ ಕಿವಿಯಿಟ್ಟರೆ ತಟ್ಟೆ ತಟ್ಟೆಯಿಂದಲೂ ಅವು ಮೇಯುವ ಸದ್ದು ಬರುತ್ತಿತ್ತು. ಕೇಳಿದವರೆಲ್ಲ ಮಳೆ ಬಂದಂತೆ ಎನ್ನುತ್ತಾರೆ. ನನಗೆ ಅದು ರೇಡಿಯೊದ ಜನರಂತೆಯೇ ಕೇಳಿಸುತ್ತಿತ್ತು. ಹುಳುಗಳು ಗೋಲ್ ಹೊಡೆದವು ಎಂದು ಓಡಿಹೋಗಿ ಮಾವನಿಗೆ ಹೇಳುತ್ತಿದ್ದೆನಂತೆ.

ನನಗೆ ಐದು ತುಂಬುವ ಮೊದಲೇ ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ, ಒಬ್ಬರ ಹಿಂದೆ ಒಬ್ಬರು ಕಾಯಿಲೆಯಿಂದ ಹೋದರು. ಅವರ ಮುಖ ನನಗೆ ನೆನಪಿಲ್ಲ. ಹಾಗೆಂದರೆ ಕೇಳಿದವರು ಕಣ್ಣು ಒರೆಸಿಕೊಳ್ಳುತ್ತಾರೆ, ಕೊನೆಗೆ ನಾನೇ ಅವರಿಗೆ ಸಮಾಧಾನ ಹೇಳಬೇಕಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಬಡತನವಿದ್ದದ್ದು ಬೇರೆ ಎಲ್ಲದರಲ್ಲಿ. ಮನೆಗಳ ವಿಷಯದಲ್ಲಿ ನಾನು ಸಿರಿವಂತೆ. ಅಪ್ಪನ ಅಣ್ಣನಾದ ದೊಡ್ಡಪ್ಪನಿಗೆ ಇಬ್ಬರು ಗಂಡುಮಕ್ಕಳು, ಮಗಳಿರಲಿಲ್ಲ. ಅಮ್ಮನ ಅಣ್ಣನಾದ ಮಾವನಿಗೆ ಮಕ್ಕಳೇ ಇರಲಿಲ್ಲ. ಇಬ್ಬರಿಗೂ ನಾನು ಬೇಕಾಗಿದ್ದೆ. ಹಾಗೆಂದು ಈಗ ಗಟ್ಟಿಯಾಗಿ ಬರೆಯುತ್ತಿದ್ದೇನೆ. ಇಷ್ಟು ಗಟ್ಟಿಯಾಗಿ ಬರೆಯುವ ಧೈರ್ಯ ಬರಲು ನನಗೆ ಐವತ್ತು ದಾಟಬೇಕಾಯಿತು, ಆ ಕಥೆಯನ್ನೇ ಹೇಳಲು ಹೊರಟಿದ್ದೇನೆ.

ದೊಡ್ಡಪ್ಪನಿಗೆ ಫುಟ್‌ಬಾಲ್ ಹುಚ್ಚು. ಹುಡುಗನಾಗಿದ್ದಾಗ ಬಳ್ಳಾರಿಯಲ್ಲಿ ಕಟಿಂಗ್ ಕಲಿಯಲು ಹೋಗಿ, ಕಟಿಂಗ್‌ಗಿಂತ ಹೆಚ್ಚು ಬರಿಗಾಲಲ್ಲಿ ಚೆಂಡು ಒದೆಯುವುದನ್ನು ಕಲಿತು ಬಂದಿದ್ದ. ದೇಶಕ್ಕೆಲ್ಲ ಸೇರಿದ ದೊಡ್ಡ ಕಪ್ ಒಂದಿತ್ತು, ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಅದರ ಚರಿತ್ರೆಯನ್ನು ಅವನು ಪುರಾಣದಂತೆ ಹೇಳುತ್ತಿದ್ದ. ಬ್ರಿಟಿಷರ ಕಾಲದಲ್ಲಿ ಬೂಟು ಹಾಕಿದ ಸೋಲ್ಜರುಗಳು ಆಡುತ್ತಿದ್ದುದು, ಆಮೇಲೆ ನಮ್ಮವರು ಬರಿಗಾಲಲ್ಲೇ ಅವರನ್ನು ಸೋಲಿಸಿದ್ದು, ಗೆದ್ದವರ ಹೆಸರು ಕೆತ್ತಿದ ಬೆಳ್ಳಿ ತಗಡುಗಳನ್ನು ಕಪ್ಪಿನ ಬುಡಕ್ಕೆ ಹೊಡೆದು ಹೊಡೆದು ಕೊನೆಗೆ ಕಪ್ಪಿಗಿಂತ ಬುಡವೇ ಭಾರವಾದದ್ದು. ಅವನು ಆ ಕಪ್ಪನ್ನು ಕಣ್ಣಿಂದ ಕಂಡವನೇ ಅಲ್ಲ. ಶಾಲೆಯ ಯೂನಿಫಾರಂ ಹೊಲಿಯುತ್ತ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇದನ್ನೆಲ್ಲ ಹೇಳುವಾಗ ಅಂಗಡಿಗೆ ಬಂದ ಗುಮ್ಮಘಟ್ಟದ ಕುರಿಯವರೂ ಬಟ್ಟೆಯ ಮಾತು ಮರೆತು ಕೂತಿರುತ್ತಿದ್ದರು.

ಆ ಭಾನುವಾರ ಕಪ್ಪಿನ ಫೈನಲ್ ಇತ್ತು. ಕಲ್ಕತ್ತದ ತಂಡಕ್ಕೂ ಗೋವಾದ ತಂಡಕ್ಕೂ. ಅದೇ ದಿನ ಮಧ್ಯಾಹ್ನ, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಟವಲಿನಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು ಮಾವ ನನ್ನನ್ನು ಕೇಳಲು ಬಂದ. ಆಗ ನನಗೆ ಆರು. ಕಟಿಂಗ್ ಟೇಬಲ್ಲಿನ ಕೆಳಗೆ ಬಟ್ಟೆಯ ಚೂರುಗಳ ನಡುವೆ ಕೂತಿದ್ದೆ, ಅದು ನನ್ನ ಅರಮನೆ.

“ಬೀಗ್ರೇ, ನಿಮ್ಗಾದ್ರೆ ಎಲ್ಡು ಮಕ್ಳವ್ರೆ. ನಮ್ಗೆ ಯಾರವ್ರೆ? ಕೂಸ್ನ ನಮ್ಗೆ ಕೊಡಿ” ಎಂದ ಮಾವ.

“ಗಂಡುಹುಡ್ರು ಅದಾವ್ರಿ. ಮಗಳು ಎಲ್ಲಿ ಐತ್ರಿ? ನನ್ನ ತಮ್ಮನ ಗುರುತು ಅಂತ ಇದೊಂದೇ ಉಳಿದೈತಿ” ಎಂದ ದೊಡ್ಡಪ್ಪ.

ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ರೇಡಿಯೊದಲ್ಲಿ ಆಟ ಶುರುವಾಯಿತು, ದೊಡ್ಡಪ್ಪ ಕೈಯೆತ್ತಿ ಮಾವನನ್ನು ಸುಮ್ಮನಿರಿಸಿದ. ಇಷ್ಟು ದೂರ ಬಂದವನನ್ನು ಒಂದು ಚೆಂಡಿನ ಸಲುವಾಗಿ ಸುಮ್ಮನಿರಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? “ಅಂಗಾದ್ರೆ ಆ ಚೆಂಡೇ ತೀರ್ಮಾನ ಮಾಡ್ಲಿ ಬಿಡಿ. ನಿಮ್ಮೋರು ಗೆದ್ರೆ ಕೂಸು ನಿಮ್ದು, ಇನ್ನೊಬ್ರು ಗೆದ್ರೆ ನಮ್ದು” ಎಂದುಬಿಟ್ಟ ಮಾವ. ದೊಡ್ಡಪ್ಪನೂ ಹಟದವನೇ. “ಆತ್ರಿ” ಎಂದ. ಅವನದು ಕಲ್ಕತ್ತ. ಮಾವನಿಗೆ ಗೋವಾ ಯಾವ ದಿಕ್ಕಿನಲ್ಲಿದೆ ಎಂಬುದೂ ಗೊತ್ತಿರಲಿಲ್ಲ, ಆದರೂ ಆ ಕ್ಷಣದಿಂದ ಅವನು ಗೋವಾದವನಾದ.

ಒಳಗಿಂದ ದೊಡ್ಡಮ್ಮ ಸೌಟು ಹಿಡಿದೇ ಬಂದಳು. “ಏನ್ರಿ, ಇಬ್ರಿಗೂ ಬುದ್ಧಿಗಿದ್ಧಿ ಐತೇನು? ಕೂಸೇನು ಕುರಿಮರಿ ಏನ್ರಿ, ಪಂದ್ಯಕ್ಕ ಕಟ್ಟಾಕ?”

ಅವಳ ಮಾತು ಯಾರಿಗೂ ಕೇಳಿಸಲಿಲ್ಲ. ರೇಡಿಯೊದವನು ಹಿಂದಿಯಲ್ಲಿ ಒದರುತ್ತಿದ್ದ, ದೊಡ್ಡಪ್ಪ ಅದನ್ನು ಅರ್ಧ ಕನ್ನಡದಲ್ಲಿ ಅರ್ಧ ತೆಲುಗಿನಲ್ಲಿ ಮಾವನಿಗೆ ಹೇಳುತ್ತಿದ್ದ. ಎದುರಾಳಿಗೆ ಮೋಸ ಮಾಡುವ ಜಾಯಮಾನ ಅವನದಲ್ಲ. ಟೇಬಲ್ಲಿನ ಕೆಳಗೆ ನಾನು ಎರಡೂ ಕಿವಿ ಮುಚ್ಚಿಕೊಂಡು, ಮತ್ತೆ ತೆಗೆದು, ಚೆಂಡು ಯಾರ ಗೋಲಿನ ಹತ್ತಿರ ಹೋದರೂ ಹೆದರುತ್ತಿದ್ದೆ. ಇಲ್ಲಿಂದ ಹೋಗುವುದೂ ನನಗೆ ಬೇಡವಾಗಿತ್ತು, ಅಷ್ಟು ದೂರದಿಂದ ಬಂದ ಮಾವ ಬರಿಗೈಯಲ್ಲಿ ಬಸ್ಸು ಹತ್ತುವುದೂ ಬೇಡವಾಗಿತ್ತು. ಕಲ್ಕತ್ತದವರು ಒಂದು ಹೊಡೆದರು. ಗೋವಾದವರು ಒಂದು ಹೊಡೆದರು. ಹೆಚ್ಚಿನ ಸಮಯ ಕೊಟ್ಟರೂ ಮತ್ತೆ ಗೋಲಾಗಲಿಲ್ಲ, ಆಟ ಸಮವಾಗಿ ಮುಗಿಯಿತು.

ಈಗೇನು ಎಂದು ಮಾವ ಕೇಳಿದ. ದೊಡ್ಡಪ್ಪ ಶಾಸ್ತ್ರ ಬಲ್ಲವನ ಹಾಗೆ ತೀರ್ಪು ಕೊಟ್ಟ. ಹಿಂದೊಂದು ವರ್ಷ ಹೀಗೇ ಆಗಿತ್ತಂತೆ, ಆಗ ಎರಡು ತಂಡದವರನ್ನೂ ಗೆದ್ದವರೆಂದು ಕರೆದಿದ್ದರಂತೆ. “ಕಪ್ ಆರು ತಿಂಗಳು ಅವರ ಮನ್ಯಾಗ, ಆರು ತಿಂಗಳು ಇವರ ಮನ್ಯಾಗ. ಇದು ಕಾಯ್ದೆ ಬೀಗ್ರೆ.” ಮೊದಲ ಸರದಿ ಯಾರದೆಂದು ಪ್ಯಾಂಟಿನ ಗುಂಡಿಯೊಂದನ್ನು ಚಿಮ್ಮಿ ನೋಡಿದರು. ರಾಯದುರ್ಗದ್ದು ಎಂದಾಯಿತು. ದೊಡ್ಡಮ್ಮ ತಟ್ಟೆ ಕುಕ್ಕಿ ಇಬ್ಬರಿಗೂ ಮುದ್ದೆ ಬಡಿಸಿದಳು.

ಹೀಗೆ ನಾನು ಜೂನಿನಿಂದ ರಾಯದುರ್ಗದವಳು, ಡಿಸೆಂಬರಿನಿಂದ ಮಡಕಶಿರಾದವಳು. ವರ್ಷದ ನಡುವೆ ಟೀಸಿ ಬರೆದು ಬರೆದು ಎರಡೂ ಶಾಲೆಯ ಹೆಡ್‌ಮಾಸ್ಟರುಗಳು ತೆಲುಗಿನಲ್ಲಿ ಗೊಣಗುತ್ತಿದ್ದರು. ರಾಯದುರ್ಗದಲ್ಲಿ “ಬರ್ರಿ” ಅನ್ನುತ್ತಿದ್ದ ನಾಲಿಗೆ ಮಡಕಶಿರಾದಲ್ಲಿ “ಬನ್ನಿ” ಅನ್ನಲು ಒಂದು ವಾರ ಹಿಡಿಯುತ್ತಿತ್ತು. ಕಳಿಸುವ ಮುನ್ನಾದಿನ ದೊಡ್ಡಮ್ಮ ತಲೆಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು. “ಕಪ್ಪಿಗೆ ಪಾಲಿಶ್ ಆತೇನು?” ಎಂದು ದೊಡ್ಡಪ್ಪ ಹೊರಗಿನಿಂದ ಕೇಳುತ್ತಿದ್ದ. ಅವನು ನನಗೆ ಹೊಲಿದ ಲಂಗಗಳೆಲ್ಲ ನಾಲ್ಕು ಬೆರಳು ಉದ್ದ. ಅಲ್ಲಿ ಬೆಳೆಯುವ ಆರು ತಿಂಗಳಿಗೂ ಇಲ್ಲಿಂದಲೇ ಅಳತೆ ಹಿಡಿಯುತ್ತಿದ್ದ. ಆ ಕಡೆ ಅತ್ತೆ, ಅಂದರೆ ಮಾವನ ಹೆಂಡತಿ, ನಾನು ಬರುವ ದಿನ ರಾಗಿಹಿಟ್ಟು, ಬೆಲ್ಲ, ಹುರಿದ ಕಡಲೆಕಾಯಿ ಸೇರಿಸಿ ಉಂಡೆ ಕಟ್ಟಿರುತ್ತಿದ್ದಳು. ಅವಳ ಕೈಗೆ ಯಾವಾಗಲೂ ಸೊಪ್ಪಿನ ಹಸಿ ವಾಸನೆ, ಆ ಕೈಯಲ್ಲೇ ನನ್ನ ಕೆನ್ನೆ ಸವರುತ್ತಿದ್ದಳು.

ಒಂದು ಸಲ ಮಡಕಶಿರಾದಲ್ಲಿ ಹುಣಸೆಮರದಿಂದ ಬಿದ್ದು ನನ್ನ ಎಡಗೈ ಮುರಿಯಿತು. ಕಟ್ಟು ಹಾಕಿಸಿ, ಜೂನಿಗೆ ಕರೆತಂದ ಮಾವ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ತಲೆತಗ್ಗಿಸಿ ಬೀದಿಯಲ್ಲೇ ನಿಂತು, “ಬೀಗ್ರೇ, ತಪ್ಪಾಗೈತೆ. ಕಪ್ಪು ಒಂಚೂರು ಸೊಟ್ಟ ಆಗೈತೆ” ಎಂದ. ದೊಡ್ಡಪ್ಪ ನನ್ನ ಕೈ ತಿರುಗಿಸಿ ನೋಡಿ, ಮಾವನ ಮುಖ ನೋಡಿ, ನಗು ತಡೆಯಲಾಗದೆ ಮಿಷಿನ್ನಿನ ಮೇಲೆ ತಲೆಯಿಟ್ಟುಬಿಟ್ಟ. ಪಂದ್ಯ ಕಟ್ಟಿ ಜಗಳಾಡಿದ ಆ ಇಬ್ಬರು ಆವತ್ತು ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದರು.

ಇಷ್ಟೆಲ್ಲ ಇದ್ದರೂ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ನಾಲ್ಕನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ, ಸ್ಲೇಟಿನ ಜಗಳಕ್ಕೆ, “ನೀ ಯಾರಿಗೂ ಬ್ಯಾಡ. ಅದಕ್ಕ ನಿನ್ನ ಆಕಡಿ ಈಕಡಿ ತಳ್ಳತಾರ” ಎಂದಿದ್ದಳು. ಮನೆಗೆ ಬಂದು ಕೇಳಿದೆ. ದೊಡ್ಡಪ್ಪ ಪೆಡಲು ನಿಲ್ಲಿಸಿ, “ಕಪ್ ಬ್ಯಾಡ ಅನ್ನೋರು ಯಾರನ ಅದಾರೇನವ್ವ?” ಎಂದ. ಮಾತು ಚೆನ್ನಾಗಿತ್ತು. ಆದರೆ ಮಕ್ಕಳು ಚೆನ್ನಾಗಿರುವ ಮಾತನ್ನೆಲ್ಲ ನಂಬುವುದಿಲ್ಲ. ಖುಷಿಯನ್ನು ಹಂಚಿಕೊಳ್ಳುವಂತೆ ಭಾರವನ್ನೂ ಹಂಚಿಕೊಳ್ಳುತ್ತಾರೆ ಎಂಬುದು ನನಗೆ ಆಗಲೇ ಗೊತ್ತಿತ್ತು. ಹೈಸ್ಕೂಲಿಗೆ ಅನಂತಪುರದ ಹಾಸ್ಟೆಲ್ ಸೇರಿದ ಮೇಲೆ, ರಜೆಗೆ ಯಾವ ಬಸ್ಸು ಹತ್ತಿದರೂ, ಈಗ ಇವರ ಸರದಿ ಎಂಬ ಸಣ್ಣ ಸಂಕೋಚ ನನ್ನ ಜೊತೆಗೇ ಹತ್ತುತ್ತಿತ್ತು. ಬೊಮ್ಮನಹಾಳಿನ ಶಾಲೆಯಲ್ಲಿ ಟೀಚರಾಗಿ, ಮದುವೆಯಾಗಿ, ನನ್ನ ಮಕ್ಕಳು ದೊಡ್ಡವರಾದ ಮೇಲೂ ಅದು ಪೂರ್ತಿ ಇಳಿಯಲಿಲ್ಲ.

ಆ ಕಪ್ ನಿಂತುಹೋಯಿತು. ನಿಂತಿತು ಎಂದು ಯಾರೂ ಡಂಗುರ ಹೊಡೆಯಲಿಲ್ಲ. ಮೊದಲು ದೊಡ್ಡ ತಂಡಗಳು ಬರುವುದನ್ನು ಬಿಟ್ಟವು, ಆಮೇಲೆ ರೇಡಿಯೊದಲ್ಲಿ ಜನರ ಕೂಗು ತೆಳುವಾಯಿತು, ಒಂದು ವರ್ಷ ಮುಂದಕ್ಕೆ ಹಾಕಿದ್ದೇವೆ ಎಂದರು, ಮತ್ತೆ ಆ ಮಾತೇ ಬರಲಿಲ್ಲ. ದೊಡ್ಡಪ್ಪ ಎರಡು ಮೂರು ವರ್ಷ ಆ ತಿಂಗಳಲ್ಲಿ ರೇಡಿಯೊದ ಮುಳ್ಳು ತಿರುಗಿಸಿ ತಿರುಗಿಸಿ ನೋಡಿದ. ಮಾವನೇ ಮೊದಲು ತೀರಿಹೋದ, ಮೂರು ವರ್ಷದ ಮೇಲೆ ದೊಡ್ಡಪ್ಪ, ಅವನ ಹಿಂದೆಯೇ ದೊಡ್ಡಮ್ಮ. ಟೈಲರ್ ಅಂಗಡಿ ಇದ್ದಲ್ಲಿ ಈಗ ಜೀನ್ಸ್ ಹೊಲಿಯುವ ಶೆಡ್ ಇದೆ. ಹುಳು ಮನೆಯ ಜಾಗದಲ್ಲಿ ರಸ್ತೆ ಹಾದಿದೆ. ಎರಡೂ ಊರು ಅನಂತಪುರ ಜಿಲ್ಲೆಯವೇ ಆಗಿದ್ದವು, ಮಡಕಶಿರಾಕ್ಕೆ ಈಗ ಜಿಲ್ಲೆಯೇ ಬೇರೆ.

ಹೋದ ವರ್ಷ ರಾಯದುರ್ಗಕ್ಕೆ ಹೋದಾಗ ದೊಡ್ಡಪ್ಪನ ಮೊಮ್ಮಗ ಫೋನಿನಲ್ಲಿ ಆ ಕಪ್ಪಿನ ಚರಿತ್ರೆ ಹುಡುಕಿ ಕೊಟ್ಟ. ಮೊದಲಿನಿಂದ ಕೊನೆಯವರೆಗೆ ಗೆದ್ದವರ ಪಟ್ಟಿ ಇತ್ತು. ನಾನು ಬೆರಳಿನಿಂದ ಸರಿಸುತ್ತ ನನಗೆ ಆರು ವರ್ಷವಾಗಿದ್ದ ಸಾಲಿಗೆ ಬಂದೆ. ಅಲ್ಲಿ ಎರಡು ಹೆಸರುಗಳಿರಲಿಲ್ಲ. ಒಂದೇ ಇತ್ತು. ಭಾನುವಾರದ ಆಟ ಸಮವಾಗಿ, ಮೂರು ದಿನದ ಮೇಲೆ ಮತ್ತೆ ಆಡಿಸಿದರು, ಕಲ್ಕತ್ತ ಗೆದ್ದಿತು ಎಂದು ಬರೆದಿತ್ತು.

ನಾನು ಫೋನು ಹಿಡಿದು ಕೂತೇ ಇದ್ದೆ. ಆ ವಾರದ ಒಂದು ಮಧ್ಯಾಹ್ನ ಆಗ ನನಗೆ ನೆನಪಾಯಿತು. ದೊಡ್ಡಪ್ಪ ರೇಡಿಯೊವನ್ನು ಸಣ್ಣಗೆ ಮಾಡಿ ಕಿವಿಗೆ ಒತ್ತಿಕೊಂಡಿದ್ದ. ಇದ್ದಕ್ಕಿದ್ದಂತೆ ಎದ್ದು ನಿಂತ, ಕೈಯೆತ್ತಿದ, ಟೇಬಲ್ಲಿನ ಕೆಳಗಿದ್ದ ನನ್ನನ್ನು ನೋಡಿದ. ಎತ್ತಿದ ಕೈಯನ್ನು ನಿಧಾನಕ್ಕೆ ಇಳಿಸಿ ರೇಡಿಯೊ ಆರಿಸಿದ. “ಏನಾತ್ರಿ?” ಎಂದು ದೊಡ್ಡಮ್ಮ ಒಳಗಿನಿಂದ ಕೇಳಿದರೆ, “ಏನಿಲ್ಲ, ಹಾಡು” ಎಂದ. ಮಗಳು ಪೂರ್ತಿ ತನ್ನವಳಾದ ಸುದ್ದಿಯನ್ನು ಅವನು ಹಾಗೆ ನುಂಗಿಕೊಂಡಿದ್ದ.

ಮರುವಾರವೇ ಮಡಕಶಿರಾಕ್ಕೆ ಹೋದೆ. ಅತ್ತೆ ಈಗ ತಂಗಿಯ ಮಗಳ ಮನೆಯಲ್ಲಿದ್ದಾಳೆ, ಮೊಮ್ಮಕ್ಕಳ ಗಲಾಟೆಯ ನಡುವೆ ಆರಾಮಾಗಿದ್ದಾಳೆ. ನಾನು ಎಲ್ಲ ಹೇಳಿದೆ, ಮಾವನಿಗೆ ಇದು ಗೊತ್ತೇ ಆಗಲಿಲ್ಲವಲ್ಲ ಎಂದೆ. ಅವಳು ನನ್ನ ಕೆನ್ನೆ ಸವರಿ ನಕ್ಕಳು.

“ಯಾಕೆ ಗೊತ್ತಾಗ್ಲಿಲ್ಲ? ಅದೇ ವಾರ ರೇಷ್ಮೆಗೂಡು ಮಾರಕ್ಕೆ ಹಿಂದೂಪುರಕ್ಕೆ ಓಗಿದ್ರು ನಿಮ್ಮಾವ. ಓಟ್ಲಾಗೆ ಪೇಪರ್ ನೋಡವ್ರೆ. ಮನೆಗೆ ಬಂದು ಉಣ್ಲಿಲ್ಲ. ಡಿಸೆಂಬರ್‌ನಾಗೆ, ‘ಅವ್ರು ಗೆದ್ದವ್ರೆ, ಕೂಸು ಅವ್ರದು, ಓಗಿ ಬಾಯಾರೆ ಹೇಳಿ ಬತ್ತೀನಿ’ ಅಂತ ಬಸ್ಸತ್ತಿದ್ರು. ನಾನು ಉಂಡೆ ಕಟ್ಟಿರ್ಲಿಲ್ಲ ಕಣವ್ವ ಅವತ್ತು. ಯಾರಿಗೆ ಕಟ್ಲಿ?”

“ಆಮೇಲೆ?”

“ಆಮೇಲೇನು. ಅಲ್ಲಿಗೋದ್ರೆ ನಿನ್ ಟ್ರಂಕು ಕಟ್ಟಿ ಬಾಗಿಲಾಗೆ ಮಡಗವ್ರಂತೆ. ಇವ್ರು ಬಾಯಿ ಬಿಡೋ ಮುಂಚೆನೇ ನಿಮ್ ದೊಡ್ಡಪ್ಪ, ‘ಬರ್ರಿ ಬೀಗ್ರೆ, ಆರು ತಿಂಗಳಾತು, ನಿಮ್ ಸರದಿ’ ಅಂದ್ರಂತೆ. ಅಷ್ಟು ರೇಡಿಯೊ ಕೇಳೋ ಮನುಷ್ಯಂಗೆ ಗೊತ್ತಿರಲ್ವಾ? ಗೊತ್ತಿದ್ದೇ ಕೊಟ್ರು ಅಂತ ಇವ್ರಿಗೆ ಅರ್ಥ ಆಯ್ತು. ಅವ್ರು ಹೇಳ್ಲಿಲ್ಲ, ಇವ್ರು ಕೇಳ್ಲಿಲ್ಲ. ಸಂಜೆ ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು ಬಂದ್ರು.”

ಅವಳೇ ಮತ್ತೆ ಹೇಳಿದಳು. “ಅವತ್ತಿಂದ ಸಾಯೋಗಂಟ ನಿಮ್ಮಾವ ಪೇಪರ್‌ನಾಗೆ ಆಟದ ಪುಟ ತೆಗೀಲಿಲ್ಲ ಕಣವ್ವ. ಎಲ್ಲಿ ಇನ್ನೊಂದ್ಸಲ ಆಡಿಸ್ಬಿಟ್ಟವ್ರೋ ಅಂತ ಭಯ.”

ನಾನು ಅಲ್ಲೇ ನೆಲದ ಮೇಲೆ ಕೂತು, ಮಕ್ಕಳೆಲ್ಲ ನೋಡುತ್ತಿದ್ದಂತೆಯೇ, ಅವಳ ಮಡಿಲಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟೆ. ಆ ಇಬ್ಬರು ಗಂಡಸರು ಬದುಕಿದ್ದಾಗ ನಾನು ಒಂದು ಸಲವೂ ಅವರಿಗೆ ಕೈಮುಗಿದು ನೀವು ನನಗೆ ಎಷ್ಟು ಕೊಟ್ಟಿರಿ ಎಂದು ಹೇಳಿರಲಿಲ್ಲ. ಅರ್ಧರ್ಧ ಸಿಕ್ಕಿದೆ ಎಂದೇ ಲೆಕ್ಕ ಹಿಡಿದಿದ್ದೆ. ಹೊರಡುವಾಗ ಅತ್ತೆ ಬಾಗಿಲವರೆಗೆ ಬಂದು, ಮತ್ತೆ ಯಾವಾಗ ಬರ್ತೀಯ ಎಂದು ಕೇಳಿದಳು. ಈ ಸಲ ನಾನು ಸರದಿ ಎಣಿಸಲಿಲ್ಲ. ನಾಳೆಯೇ ಬರುತ್ತೇನೆ ಎಂದೆ.